ಆ ಫ್ಯಾಕ್ಟರಿ ಷೇರು ಯಾವುದು ಮೇಡಂ?

ಕೋಲಾರದಲ್ಲಿ ಕಾಮರ್ಸ್ ಪಾಠ ಮಾಡುವವರಿಗೆ ಒಂದು ತಾಪತ್ರಯ ಇದೆ. ಊರಿನವರು ನಮ್ಮನ್ನು ಷೇರು ಬ್ರೋಕರ್ ಅಂತಲೇ ನಂಬಿರುತ್ತಾರೆ. ಡೆಬಿಟ್ಟು, ಕ್ರೆಡಿಟ್ಟು ಹೇಳಿಕೊಡುವವರಿಗೆ ನಾಳೆ ಯಾವ ಷೇರು ಏರುತ್ತದೆ ಅಂತ ಗೊತ್ತಿರಲೇಬೇಕು ಎನ್ನುವುದು ಅವರ ಲೆಕ್ಕ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಕೇಳಿದ್ದಾರೆ. ಸುತ್ತಿ ಬಳಸಿ ಪ್ರಶ್ನೆ ಒಂದೇ. "ನರಸಾಪುರದಲ್ಲಿ ಆ ಫೋನ್ ಫ್ಯಾಕ್ಟರಿ ಇದೆಯಲ್ಲ, ಅದರ ಷೇರು ಯಾವುದು ಮೇಡಂ?" ಅದು ಸಿಗಲ್ಲ ಅಂದರೆ ಎರಡನೇ ಪ್ರಶ್ನೆ ರೆಡಿ ಇರುತ್ತದೆ. "ಹೋಗ್ಲಿ ಬಿಡಿ, ಅವರ ಜೊತೆ ಟೈ-ಅಪ್ ಆಗೋ ಕಂಪನಿ ಯಾವುದು?"

ನನ್ನ ತಲೆ ತಿನ್ನುತ್ತಿರುವುದು ಈ ಎರಡನೇ ಪ್ರಶ್ನೆ. ಮೊದಲನೆಯದು ಬಿಡಿ, ಯಾರಿಗಾದರೂ ಬರುವಂಥದ್ದೇ. ಹೆದ್ದಾರಿಯಲ್ಲಿ ಶಿಫ್ಟ್ ಬಸ್ಸುಗಳು ಸಾಲಾಗಿ ಹೋಗುವುದನ್ನು ನಾವು ದಿನಾ ನೋಡುತ್ತೇವೆ. ಬಾಡಿಗೆ ಏರಿದ್ದು, ತೋಟದ ಪಕ್ಕದಲ್ಲೇ ಪಿಜಿಗಳು ಎದ್ದದ್ದು, ಪಿಯುಸಿ ಮುಗಿಸಿದ ಹುಡುಗಿಯರು ಮರುವಾರವೇ ಐಡಿ ಕಾರ್ಡ್ ಹಾಕಿಕೊಂಡು ಬಸ್ಸಿಗೆ ನಿಂತದ್ದು, ಎಲ್ಲ ಕಣ್ಣ ಮುಂದೆಯೇ ಆಗಿದೆ. ಇಷ್ಟು ಹತ್ತಿರದಿಂದ ಕಂಡದ್ದರ ಮೇಲೆ ನಾಲ್ಕು ಕಾಸು ಹಾಕೋಣ ಅನ್ನಿಸಿದರೆ ತಪ್ಪೇನು? ನಿಮಗೆ ಗೊತ್ತಿರುವ ವ್ಯಾಪಾರದಲ್ಲೇ ಹೂಡಿಕೆ ಮಾಡಿ ಅಂತ ದೊಡ್ಡವರೂ ಹೇಳುತ್ತಾರೆ. ಆದರೆ ಎರಡನೇ ಪ್ರಶ್ನೆ ಕೇಳುವ ಹೊತ್ತಿಗೆ ಗೊತ್ತಿದ್ದದ್ದೆಲ್ಲ ಕೈಬಿಟ್ಟು ಹೋಗಿರುತ್ತದೆ. ಗೊತ್ತಿದೆ ಎಂಬ ಧೈರ್ಯ ಮಾತ್ರ ಹಾಗೇ ಉಳಿದಿರುತ್ತದೆ.

ಸರ್ಚ್ ಮಾಡಿದಾಗ ಬಂದ ಹೆಸರು

2023ರ ಅಕ್ಟೋಬರ್ ಕೊನೆ. ಆ್ಯಪಲ್‌ಗೆ ಐಫೋನ್ ಜೋಡಿಸಿಕೊಡುವ ವಿಸ್ಟ್ರಾನ್ ಕಂಪನಿಯ ನರಸಾಪುರ ಘಟಕವನ್ನು ಟಾಟಾ ಎಲೆಕ್ಟ್ರಾನಿಕ್ಸ್ 12.5 ಕೋಟಿ ಡಾಲರಿಗೆ, ಅಂದರೆ ಸುಮಾರು 1,000 ಕೋಟಿ ರೂಪಾಯಿಗೆ ಕೊಳ್ಳುತ್ತದೆ ಎಂಬ ಸುದ್ದಿ ಖಾತ್ರಿಯಾಯಿತು. ಆ ಭಾನುವಾರ ಭಾವ ಮನೆಗೆ ಬಂದಿದ್ದರು. ಅಕ್ಕನ ಗಂಡ. ಅವರ ಟೆಂಪೋ ಟ್ರಾವೆಲರ್ ಅದೇ ಫ್ಯಾಕ್ಟರಿಯ ಶಿಫ್ಟಿಗೆ ಓಡುತ್ತಿತ್ತು. ಎಷ್ಟು ಹೊತ್ತಿಗೆ ಎಷ್ಟು ಜನ ಒಳಗೆ ಹೋಗುತ್ತಾರೆ, ಯಾವ ತಿಂಗಳು ಓಟಿ ಜಾಸ್ತಿ, ಹೊಸ ಮಾಡೆಲ್ ಬರುವ ಮುಂಚೆ ಎಷ್ಟು ಗಾಡಿ ಹೆಚ್ಚಿಗೆ ಕೇಳುತ್ತಾರೆ, ಎಲ್ಲ ಅವರ ಬಾಯಲ್ಲಿತ್ತು. ಮುಂಬೈನಲ್ಲಿ ಸೂಟು ಹಾಕಿಕೊಂಡು ಕೂತ ಅನಲಿಸ್ಟ್ ಇಂಥ ಮಾಹಿತಿಗೆ ದುಡ್ಡು ಕೊಡುತ್ತಾನೆ. ಭಾವನಿಗೆ ಅದು ಸ್ಟೀರಿಂಗ್ ಹಿಡಿದೇ ಸಿಕ್ಕಿತ್ತು.

ಕಾಫಿ ಕುಡಿಯುತ್ತಾ ಫೋನು ತೆಗೆದರು. ಆ್ಯಪಿನಲ್ಲಿ ಟಾಟಾ ಅಂತ ಟೈಪ್ ಮಾಡಿ, ಎಲೆ ಅನ್ನುವಷ್ಟರಲ್ಲಿ ಕೆಳಗೆ ಹೆಸರುಗಳ ಪಟ್ಟಿ ಬಂತು. ಟಾಟಾ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಟಾಟಾ ಎಲ್ಕ್ಸಿ ಇತ್ತು. "ಇದೇ ಇರ್ಬೇಕು, ಶಾರ್ಟಾಗಿ ಬರ್ದವ್ರೆ" ಅಂದರು. ಅದಲ್ಲ ಭಾವ, ಅದು ಬೇರೆ ಕಂಪನಿ, ಬೆಂಗಳೂರಿನಲ್ಲಿ ಕಾರು, ಟಿವಿ ಕಂಪನಿಗಳಿಗೆ ಡಿಸೈನು, ಸಾಫ್ಟ್‌ವೇರ್ ಮಾಡಿಕೊಡುತ್ತದೆ, ಫೋನ್ ಜೋಡಿಸುವುದಿಲ್ಲ ಅಂದೆ. ಟಾಟಾ ಎಲೆಕ್ಟ್ರಾನಿಕ್ಸ್ ಇರುವುದು ಟಾಟಾ ಸನ್ಸ್ ಕೆಳಗೆ, ಟಾಟಾ ಸನ್ಸೂ ಷೇರುಪೇಟೆಯಲ್ಲಿ ಇಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಒಂದೇ ಮನೆಯವರಲ್ವಾ? ಫ್ಯಾಕ್ಟರಿಗೆ ಸಾಫ್ಟ್‌ವೇರ್ ಬೇಕಾಗಲ್ವಾ? ಇವರ ಹತ್ರನೇ ತಗೋತಾರೆ." ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಆಗಲ್ಲ ಅಂತ ಸಾಬೀತು ಮಾಡಲು ನನ್ನ ಹತ್ತಿರ ಏನಿತ್ತು? ಟೈ-ಅಪ್ ಅನ್ನುವುದರ ಶಕ್ತಿ ಅಲ್ಲೇ ಇದೆ. ನಾಳೆ ಆಗಬಹುದಾದದ್ದನ್ನು ಇವತ್ತು ಸುಳ್ಳು ಅನ್ನಲು ಯಾರಿಗೂ ಆಗುವುದಿಲ್ಲ. ಸೋಮವಾರ ಪೇಟೆ ತೆರೆದ ಕೂಡಲೇ ಎರಡು ಷೇರು ತೆಗೆದುಕೊಂಡರು. ಆಗ ಒಂದಕ್ಕೆ 7,000 ರೂಪಾಯಿಯ ಮೇಲಿತ್ತು.

ಎಲ್ಕ್ಸಿ ಅದರ ಪಾಡಿಗೆ ಅದರ ಕೆಲಸ ಮಾಡಿಕೊಂಡು ಹೋಗುತ್ತಿದೆ, ಅದರ ತಪ್ಪೇನೂ ಇಲ್ಲ. ಅದರ ಷೇರು ಏರುವುದೂ ಇಳಿಯುವುದೂ ಅದಕ್ಕೆ ಸಿಗುವ ಆರ್ಡರುಗಳ ಮೇಲೆ. ನರಸಾಪುರದ ಶಿಫ್ಟಿಗೂ ಅದಕ್ಕೂ ಸಂಬಂಧ ಇಲ್ಲ. ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ಭಾವನಿಗೆ ನಿಜಕ್ಕೂ ಏನು ಗೊತ್ತಿತ್ತೋ ಅದನ್ನು ಕೊಳ್ಳಲು ಸಾಧ್ಯವಿರಲಿಲ್ಲ. ಏನನ್ನು ಕೊಂಡರೋ ಅದರ ಬಗ್ಗೆ ಅವರಿಗೆ ಒಂದಕ್ಷರ ಗೊತ್ತಿರಲಿಲ್ಲ.

ಹೋಂಡಾದ್ದೂ ಇದೇ ಕಥೆ. ನರಸಾಪುರದಲ್ಲಿ ಸ್ಕೂಟರ್ ಮಾಡುವ ಹೋಂಡಾ ನಮ್ಮ ಪೇಟೆಯಲ್ಲಿಲ್ಲ. ಪೇಟೆಯಲ್ಲಿರುವ ಹೋಂಡಾ ಜನರೇಟರ್, ಪಂಪ್‌ಸೆಟ್ ಮಾಡುವ ಇನ್ನೊಂದು ಕಂಪನಿ. ಇದೇನು ಕೋಲಾರದವರ ದಡ್ಡತನ ಅಲ್ಲ. 2021ರ ಜನವರಿಯಲ್ಲಿ ಎಲಾನ್ ಮಸ್ಕ್ ಸಿಗ್ನಲ್ ಆ್ಯಪ್ ಬಳಸಿ ಅಂತ ಒಂದು ಸಾಲು ಬರೆದಾಗ ಅಮೆರಿಕದವರು ಸಿಗ್ನಲ್ ಅಡ್ವಾನ್ಸ್ ಎಂಬ ಟೆಕ್ಸಾಸಿನ ಚಿಕ್ಕ ಕಂಪನಿಯ ಷೇರಿಗೆ ಮುಗಿಬಿದ್ದರು. ಆ್ಯಪಿಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧವೇ ಇರಲಿಲ್ಲ. 60 ಸೆಂಟ್ ಇದ್ದದ್ದು ಕೆಲವೇ ದಿನದಲ್ಲಿ 30 ಡಾಲರ್ ದಾಟಿತು.

ವದಂತಿ ನಿಜವಾದರೆ?

ವದಂತಿ ನಂಬಬೇಡಿ ಅಂತ ಹೇಳಿಬಿಡುವುದು ಸುಲಭ. ಆದರೆ ನರಸಾಪುರದ ವದಂತಿ ನಿಜವಾಯಿತು! ಟಾಟಾದವರು ವಿಸ್ಟ್ರಾನ್ ಜೊತೆ ಮಾತಾಡುತ್ತಿದ್ದಾರೆ ಅಂತ 2022ರ ಸೆಪ್ಟೆಂಬರಿನಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಆಮೇಲೆ ಬಂದ ವರದಿಗಳಲ್ಲಿ ಸುಮಾರು 5,000 ಕೋಟಿ ರೂಪಾಯಿಯ ಮಾತಿತ್ತು. ಕೊನೆಗೆ ಆದದ್ದು ಅದರ ಐದನೇ ಒಂದು ಭಾಗಕ್ಕೆ. ಮೊತ್ತ ಏನೇ ಇರಲಿ, ಸುದ್ದಿ ಸುಳ್ಳಾಗಲಿಲ್ಲ. ವರ್ಷದ ಮುಂಚೆಯೇ ಅದನ್ನು ನಂಬಿದ ಸಣ್ಣ ಹೂಡಿಕೆದಾರನಿಗೆ ಅದರಿಂದ ಸಿಕ್ಕಿದ್ದೇನು? ಕೊಂಡವರು ಪೇಟೆಯಲ್ಲಿಲ್ಲ, ಮಾರಿದವರ ಷೇರು ತೈವಾನಿನಲ್ಲಿದೆ. ಸುದ್ದಿ ಸರಿಯಾಗಿದ್ದೂ ಅದಕ್ಕೆ ಬೆಲೆ ಕಟ್ಟುವ ಜಾಗವೇ ಇಲ್ಲ. ಆಗ ದುಡ್ಡು ಪಕ್ಕದ ಮನೆಗೆ ಹರಿಯುತ್ತದೆ. 2024ರ ಮಾರ್ಚ್ ಮೊದಲ ವಾರ ಟಾಟಾ ಸನ್ಸ್ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಬರುತ್ತದೆ ಎಂಬ ಮಾತು ಹಬ್ಬಿದಾಗ ಟಾಟಾ ಕೆಮಿಕಲ್ಸ್ ಷೇರು ಏರಿದ್ದು ಸೋಡಾ ಬೂದಿ ಜಾಸ್ತಿ ಮಾರಾಟವಾಯಿತು ಅಂತಲ್ಲ. ಅವರ ಹತ್ತಿರ ಟಾಟಾ ಸನ್ಸಿನ ಒಂದಿಷ್ಟು ಷೇರು ಇದೆ ಅಂತ.

ತುಮಕೂರಿನಲ್ಲಿರುವ ನನ್ನ ಗೆಳತಿ ಇದಕ್ಕೆ ನಗುತ್ತಾಳೆ. ಅವರ ಊರಿನ ಕಥೆ ಇನ್ನೂ ಚೆನ್ನಾಗಿದೆ. 2021ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಹೇಳಿಕೆ ಬಂತು. ತುಮಕೂರಿನಲ್ಲಿ ಕೈಗಾರಿಕಾ ಕಾರಿಡಾರ್ ಬರುತ್ತದೆ ಅಂತಿತ್ತು. ಟೆಸ್ಲಾ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರು ಘಟಕ ತೆರೆಯುತ್ತದೆ ಅಂತಲೂ ಇತ್ತು. ಎರಡು ಸಾಲು ಅಕ್ಕಪಕ್ಕ ಇದ್ದದ್ದೇ ಸಾಕಾಯಿತು, ವಾಟ್ಸಾಪಿನಲ್ಲಿ ಟೆಸ್ಲಾ ತುಮಕೂರಿಗೇ ಬಂದುಬಿಟ್ಟಿತು. ಆ ಹೊತ್ತಿಗೆ ಟಾಟಾ ಮೋಟಾರ್ಸ್ ಟೆಸ್ಲಾ ಜೊತೆ ಸೇರುತ್ತದೆ ಎಂಬ ಮಾತೂ ಓಡಾಡಿ, ಕಂಪನಿಯೇ ಅದನ್ನು ಅಲ್ಲಗಳೆಯಬೇಕಾಯಿತು. 2025ರ ಜುಲೈನಲ್ಲಿ ಟೆಸ್ಲಾ ಭಾರತಕ್ಕೆ ಬಂದದ್ದೇನೋ ನಿಜ. ಮುಂಬೈಗೆ, ಶೋರೂಮ್ ತೆರೆಯಲು.

ಈ ಆಟ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ನಾನು ಕ್ಲಾಸಿನಲ್ಲಿ ಹೇಳುವುದು ವೇದಾಂತ ಮತ್ತು ತೈವಾನಿನ ಫಾಕ್ಸ್‌ಕಾನ್ ಪ್ರಕರಣ. 2022ರಲ್ಲಿ ಇಬ್ಬರೂ ಸೇರಿ ಚಿಪ್ ಮಾಡುತ್ತಾರೆ ಅಂತ ಪ್ರಕಟಣೆ ಬಂತು. ಸೆಪ್ಟೆಂಬರಿನಲ್ಲಿ ಗುಜರಾತ್ ಸರ್ಕಾರದ ಜೊತೆ 1.54 ಲಕ್ಷ ಕೋಟಿ ರೂಪಾಯಿಯ ಒಪ್ಪಂದವೂ ಆಯಿತು. ವೇದಾಂತ ಲಿಮಿಟೆಡ್ ಷೇರು ಜೋರಾಗಿ ಏರಿತು. ಆಮೇಲೆ ಕಂಪನಿ ಸ್ಪಷ್ಟೀಕರಣ ಕೊಟ್ಟಿತು. ಚಿಪ್ ಯೋಜನೆ ಇರುವುದು ನಮ್ಮ ಹೆತ್ತ ಕಂಪನಿ ವೋಲ್ಕನ್ ಕೈಯಲ್ಲಿ, ವೇದಾಂತ ಲಿಮಿಟೆಡ್‌ನಲ್ಲಿ ಅಲ್ಲ ಅಂತ. ಜನ ಕೊಂಡದ್ದು ಗಣಿ, ಲೋಹದ ಕಂಪನಿಯನ್ನು. 2023ರ ಜುಲೈ 7ಕ್ಕೆ ವೇದಾಂತ ಆ ಯೋಜನೆಯನ್ನು ತಾನೇ ತೆಗೆದುಕೊಳ್ಳುವುದಾಗಿ ಹೇಳಿತು. ಸದ್ಯ ಈಗಲಾದರೂ ಸರಿಹೋಯಿತು ಅನ್ನುವಷ್ಟರಲ್ಲಿ ಜುಲೈ 10ಕ್ಕೆ ಫಾಕ್ಸ್‌ಕಾನ್ ಹೊರಬಂತು. ಕಂಪನಿಯ ಪ್ರಕಟಣೆಯಲ್ಲಿ ಒಪ್ಪಂದ ವೇದಾಂತ ಲಿಮಿಟೆಡ್ಡಿನದೇ ಎಂಬಂತೆ ಕಂಡದ್ದಕ್ಕೆ ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 30 ಲಕ್ಷ ರೂಪಾಯಿ ದಂಡ ಹಾಕಿತ್ತು. ಅಷ್ಟು ದೊಡ್ಡ ಕಂಪನಿಗೆ 30 ಲಕ್ಷ ಅಂದರೆ ಏನು ಅಂತ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ. ಯಾರ ಹೆಸರಿನಲ್ಲಿ ಸಹಿ ಬಿದ್ದಿದೆ ಎಂದು ನೋಡುವ ಅಭ್ಯಾಸ ಬಂದರೆ ಸಾಕು.

ಮಂಡಿಯಲ್ಲಿ

ನಮ್ಮ ಚಿಕ್ಕಪ್ಪ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟಿದ್ದಾರೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಊರಲ್ಲಿ ಎಲ್ಲರ ಬಾಯಲ್ಲೂ ಟೊಮೆಟೊ ಇತ್ತು. ಅದೇ ಟೊಮೆಟೊ ಬಾಕ್ಸಿಗೆ ನೂರು ರೂಪಾಯಿಯೂ ಸಿಗದೆ ರೋಡಿಗೆ ಸುರಿದದ್ದನ್ನೂ ಅವರು ನೋಡಿದ್ದಾರೆ. ಒಂದು ಬೆಳಿಗ್ಗೆ ಏನೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಹರಾಜು ಶುರುವಾಗುವ ಮುಂಚೆ ಒಬ್ಬ ವ್ಯಾಪಾರಿ ಬಂದು, ಮಹಾರಾಷ್ಟ್ರದ ನಾರಾಯಣಗಾಂವ್ ಮಾಲು ಭಾರಿ ಬರುತ್ತಿದೆ, ಇವತ್ತು ರೇಟು ಬೀಳುತ್ತದೆ ಅಂತ ಕಿವಿಯಲ್ಲಿ ಊದಿ ಹೋದ. ಚಿಕ್ಕಪ್ಪ ಹೂಂ ಅಂದರು. ಅವನು ಆ ಕಡೆ ತಿರುಗುತ್ತಿದ್ದಂತೆ ನಾರಾಯಣಗಾಂವ್‌ಗೆ ಫೋನು, ಆಮೇಲೆ ಆಂಧ್ರದ ಮದನಪಲ್ಲಿಗೆ ಫೋನು. ಗೇಟಿನ ಹತ್ತಿರ ಒಬ್ಬ ಹುಡುಗನನ್ನು ಕಳಿಸಿ ಎಷ್ಟು ಲಾರಿ ಖಾಲಿ ನಿಂತಿವೆ ನೋಡಿಸಿದರು. "ಸುಳ್ಳು. ಅವನಿಗೆ ಕಡಿಮೆಗೆ ಬೇಕು, ಅದಕ್ಕೆ ಹೇಳ್ದ" ಅಂದು ಚೀಟಿ ಪುಸ್ತಕ ತೆಗೆದರು.

ಹರಾಜು ಮುಗಿದ ಮೇಲೆ ಅದೇ ಚಿಕ್ಕಪ್ಪ ಫೋನಿನಲ್ಲಿ ಒಂದು ತೆಲುಗು ವಾಯ್ಸ್ ಮೆಸೇಜ್ ಕೇಳಿಸಿದರು. ಯಾವುದೋ ಸಣ್ಣ ಕಂಪನಿ, ಫೋನಿನ ಬಿಡಿಭಾಗ ಮಾಡುತ್ತದಂತೆ. ದೇವನಹಳ್ಳಿಗೆ ಬರುವ ದೊಡ್ಡ ಫ್ಯಾಕ್ಟರಿ ಜೊತೆ ಟೈ-ಅಪ್ ಪಕ್ಕಾ ಅಂತೆ, ಮುಂದಿನ ವಾರ ಅನೌನ್ಸ್‌ಮೆಂಟ್ ಅಂತೆ. (ನಮ್ಮ ಕಡೆ ಷೇರು ಟಿಪ್ಸ್ ತೆಲುಗಿನಲ್ಲೇ ಜಾಸ್ತಿ ಬರುವುದು. ಕನ್ನಡದಲ್ಲಿ ಬಂದರೆ ಸ್ವಲ್ಪ ಅನುಮಾನದಿಂದ ನೋಡುತ್ತಾರೆ, ಯಾಕೋ ಗೊತ್ತಿಲ್ಲ.) ಅವರು ಆಗಲೇ ಕೊಂಡಾಗಿತ್ತು. ದಿನಾ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಲು ಬಿಡುವಷ್ಟೂ ಏರುತ್ತಿದೆ ಅಂತ ಖುಷಿಯಲ್ಲಿದ್ದರು. ಇದನ್ನು ಹೇಳಿದವನಿಗೆ ಏನು ಬೇಕಿತ್ತು ಚಿಕ್ಕಪ್ಪ ಅಂತ ಕೇಳಿದೆ. ಅವರಿಗೆ ಚುರುಕ್ಕೆಂದಿತು. "ಅಲ್ಲಿ ಫೋನ್ ಮಾಡಕ್ಕೆ ನನಗೆ ಯಾರಿದ್ದಾರೆ ಹೇಳು?" ಅಂದರು.

ಆ ಮಾತು ನನ್ನ ಬಾಯಿ ಮುಚ್ಚಿಸಿತು. ಅವರು ಹುಂಬರಲ್ಲ. ವಿಚಾರಿಸಲು ದಾರಿ ಇದ್ದ ಕಡೆ ವಿಚಾರಿಸಿದರು, ಇಲ್ಲದ ಕಡೆ ನಂಬಿದರು. ಒಂದು ದಾರಿ ಇದೆ ಅಂತ ಮುಂಬೈ ಷೇರುಪೇಟೆಯ, ಅಂದರೆ ಬಿಎಸ್ಇಯ, ಸೈಟಿನಲ್ಲಿ ಆ ಕಂಪನಿ ಹಾಕಿದ್ದ ಪ್ರಕಟಣೆ ತೆಗೆದು ತೋರಿಸಿದೆ. ಪೂರ್ತಿ ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್. ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಂಪನಿ ಹಲವರ ಜೊತೆ ಮಾತುಕತೆಯಲ್ಲಿರುತ್ತದೆ, ಯಾವುದೂ ಇನ್ನೂ ಕಟ್ಟುಪಾಡಿನ ಒಪ್ಪಂದ ಆಗಿಲ್ಲ ಅಂತ ಮೂರನೇ ಪುಟದ ನಡುವೆ ಒಂದು ವಾಕ್ಯ ಇತ್ತು. ಚಿಕ್ಕಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡರು. "ಇದನ್ನ ಮೊದಲನೇ ಸಾಲಲ್ಲಿ ಹಾಕಕ್ಕೆ ಅವರಿಗೇನು ರೋಗ?" ವದಂತಿ ತೆಲುಗಿನಲ್ಲಿ, ಪರಿಚಯದ ದನಿಯಲ್ಲಿ, ಒಂದು ನಿಮಿಷದೊಳಗೆ ಬಂದಿತ್ತು. ಅದಕ್ಕೆ ಉತ್ತರ ಇಂಗ್ಲಿಷಿನಲ್ಲಿ, ಪಿಡಿಎಫ್ಫಿನಲ್ಲಿ, ಮೂರನೇ ಪುಟದಲ್ಲಿ ಕೂತಿತ್ತು.

ಸೆಬಿ ಈಗ ಒಂದು ನಿಯಮ ತಂದಿದೆ. ಮುಖ್ಯ ಮಾಧ್ಯಮಗಳಲ್ಲಿ ವದಂತಿ ಬಂದು ಷೇರಿನ ಬೆಲೆ ಗಣನೀಯವಾಗಿ ಅಲುಗಾಡಿದರೆ ಕಂಪನಿ 24 ಗಂಟೆಯೊಳಗೆ ಹೌದು, ಇಲ್ಲ ಅಥವಾ ವಿಷಯ ಹೀಗಿದೆ ಅಂತ ಹೇಳಬೇಕು. 2024ರ ಜೂನ್ 1ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ, ಡಿಸೆಂಬರ್ 1ರಿಂದ ಮೊದಲ 250ಕ್ಕೆ. ಒಳ್ಳೆಯದೇ. ಆದರೆ ಬಿಎಸ್ಇಯಲ್ಲಿರುವ ಕಂಪನಿಗಳು 5,000ಕ್ಕೂ ಹೆಚ್ಚು. ಚಿಕ್ಕಪ್ಪನಿಗೆ ಬರುವ ವಾಯ್ಸ್ ಮೆಸೇಜಿನ ಕಂಪನಿ ಆ 250ರಲ್ಲಿ ಯಾವತ್ತೂ ಇರುವುದಿಲ್ಲ. ವಾಟ್ಸಾಪ್ ಮುಖ್ಯ ಮಾಧ್ಯಮವೂ ಅಲ್ಲ.

ಅವತ್ತು ಹೊರಡುವಾಗ ಚಿಕ್ಕಪ್ಪನೇ ಒಂದು ಮಾತು ಹೇಳಿದರು. ಟೊಮೆಟೊ ಬಗ್ಗೆ ಸುಳ್ಳು ಹೇಳಿದರೆ ಸಂಜೆಯೊಳಗೆ ಬಯಲಾಗುತ್ತದೆ, ಯಾಕಂದರೆ ಮಾಲು ಕೊಳೆಯುತ್ತದೆ, ಮಾರಲೇಬೇಕು. ಷೇರು ಕೊಳೆಯಲ್ಲ. ಅದಕ್ಕೇ ಅದರ ಜೊತೆ ಸುಳ್ಳೂ ಎಷ್ಟು ವರ್ಷ ಬೇಕಾದರೂ ಇಟ್ಟುಕೊಂಡಿರಬಹುದು. ಹೀಗೆ ಹೇಳಿಯೂ ಆ ಷೇರನ್ನು ಅವರು ಮಾರಲಿಲ್ಲ. ಸರ್ಕ್ಯೂಟ್ ಕೆಳಕ್ಕೆ ತಿರುಗಿದ ಮೇಲೆ ಮಾರೋಣ ಅಂದರೂ ಕೊಳ್ಳುವವರು ಇರಲಿಲ್ಲ.

ಲಂಡನ್ನಿನಲ್ಲಿ ಕೂತು ಕೋಲಾರ ಕೊಂಡವರು

ಇದೆಲ್ಲ ಯೋಚಿಸುವಾಗ ನನಗೆ ಕೆಜಿಎಫ್ ನೆನಪಾಗುತ್ತದೆ. ಸಿನಿಮಾ ಅಲ್ಲ, ಗಣಿ. ಬೆಂಗಳೂರಿನ ಲ್ಯಾವೆಲ್ ರೋಡಿಗೆ ಯಾರ ಹೆಸರಿದೆಯೋ ಆ ಮಾಜಿ ಸೈನಿಕ 1870ರ ದಶಕದಲ್ಲಿ ಇಲ್ಲಿ ಚಿನ್ನ ಅಗೆಯಲು ಅನುಮತಿ ಪಡೆದ. ಆಮೇಲೆ ಆ ಹಕ್ಕು ಬೇರೆಯವರ ಕೈಗೆ ಹೋಗಿ, 1880ರಲ್ಲಿ ಲಂಡನ್ನಿನಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಶುರುವಾಯಿತು. ಆಗಷ್ಟೇ ವಯನಾಡಿನ ಚಿನ್ನದ ಹುಚ್ಚು ಹತ್ತಿತ್ತು, ಲಂಡನ್ನಿನಲ್ಲಿ ಹುಟ್ಟಿದ ಹತ್ತಾರು ಕಂಪನಿಗಳು ಮುಳುಗಿಹೋದವು. ಕೋಲಾರದ ಕಂಪನಿಯೂ ದುಡ್ಡು ಖಾಲಿಯಾಗಿ ಮುಚ್ಚುವ ಹಂತಕ್ಕೆ ಬಂದಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇನ್ನೊಮ್ಮೆ ನೋಡೋಣ ಅಂತ ಮುಂದುವರಿಸಿತು, 1880ರ ದಶಕದ ಮಧ್ಯದಲ್ಲಿ ಚಾಂಪಿಯನ್ ರೀಫ್ ಎಂಬ ಚಿನ್ನದ ಎಳೆ ಸಿಕ್ಕಿತು. ಅಷ್ಟೇ, ಅಕ್ಕಪಕ್ಕದ ಬ್ಲಾಕುಗಳಿಗೂ ಜೀವ ಬಂತು. ಊರಿಗಾಂ, ನಂದಿದುರ್ಗ, ಬಾಲಾಘಾಟ್, ಕೋರಮಂಡಲ್. ಲಂಡನ್ನಿನ ಹೂಡಿಕೆದಾರರಲ್ಲಿ ಹೆಚ್ಚಿನವರು ಕೋಲಾರ ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲದೆ, ಚಿನ್ನ ಸಿಕ್ಕಿದವರ ಪಕ್ಕದ ಜಾಗ ಅಂತ ಷೇರು ಕೊಂಡರು. ನಮ್ಮ ಭಾವನ ಲೆಕ್ಕವೇ, ಟೋಪಿ ಮಾತ್ರ ಬೇರೆ.

ತಮಾಷೆ ಅಂದರೆ ಆ ಲೆಕ್ಕ ಕೆಲವರಿಗೆ ಫಲಿಸಿತು. ಊರಿಗಾಂ, ನಂದಿದುರ್ಗ ಗಣಿಗಳಲ್ಲೂ ಚಿನ್ನ ಬಂತು. ಅದೇ ಎಳೆ ನೆಲದೊಳಗೆ ಅಲ್ಲಿಗೂ ಚಾಚಿತ್ತು. ತುದಿಯಲ್ಲಿದ್ದ ಕೆಲವು ಕಂಪನಿಗಳು ಅಗೆದು ಅಗೆದು ಕೈಚೆಲ್ಲಿದವು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಂಡೆ, ಒಂದೇ ಬಿಸಿಲು. ನಿಜವಾದ ಪಾಲುದಾರಿಕೆಗಳೂ ಇದ್ದವು. ಮೈಸೂರು ಸರ್ಕಾರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಯಂತ್ರ ತರಿಸಿ 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟಿತು. ಆ ಒಪ್ಪಂದ ಕಣ್ಣಿಗೆ ಕಾಣುತ್ತಿತ್ತು, ಕಂಬ ಎಣಿಸಬಹುದಿತ್ತು.

ಗಣಿಗೆ ಇಳಿದವರ ಕೈಗೆ ಕೂಲಿ ಬಂತು. ಲಾಭಾಂಶ ಹಡಗು ಹತ್ತಿ ಹೋಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡ. ನರಸಾಪುರದ ಷೇರು ಕೇಳುವವರಿಗೆ ಬರೀ ದುರಾಸೆ ಅಂತ ನಾನು ಒಪ್ಪದಿರುವುದು ಇದಕ್ಕೇ. ಜಮೀನು ನಮ್ಮದು, ದುಡಿಯುವ ಮಕ್ಕಳು ನಮ್ಮವರು, ಈ ಸಲವಾದರೂ ಲಾಭ ಬರುವ ಕಡೆ ನಮ್ಮ ಹೆಸರೂ ಇರಲಿ ಅನ್ನುವುದು ನ್ಯಾಯವಾದ ಆಸೆ. ಪೇಟೆ ಆ ಆಸೆಗೆ ಕೊಡುವುದು ಎಲ್ಕ್ಸಿಯಂಥ ಉತ್ತರ.

ಪಿಎಫ್ ಪ್ರಶ್ನೆ

ಹೋದ ವರ್ಷ ಹಳೆ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದ್ದಳು. ಅದೇ ಫ್ಯಾಕ್ಟರಿಯಲ್ಲಿ ಲೈನಿನಲ್ಲಿ ಕೆಲಸ. ಇವಳು ಟೈ-ಅಪ್ ಕೇಳಲಿಲ್ಲ. ನೇರವಾಗಿ ಆ್ಯಪಲ್ ಷೇರನ್ನೇ ಕೊಳ್ಳಬಹುದಾ ಅಂತ ಕೇಳಿದಳು. ಕೊಳ್ಳಬಹುದು, ಅಮೆರಿಕಕ್ಕೆ ಬ್ಯಾಂಕ್ ಮೂಲಕ ಡಾಲರ್ ಕಳಿಸಬೇಕು, ಒಂದು ಷೇರಿನ ಚೂರನ್ನೂ ಕೊಡುತ್ತಾರೆ, ಆದರೆ ನೀನು ತಿಂಗಳಿಗೆ 500 ರೂಪಾಯಿ ಹಾಕಿದರೆ ಬ್ಯಾಂಕಿನ ಫೀಸೇ ಅದನ್ನು ತಿಂದುಬಿಡುತ್ತದೆ ಅಂದೆ. ಮ್ಯೂಚುವಲ್ ಫಂಡ್? ಫಂಡುಗಳು ಎಲ್ಲ ಸೇರಿ ಹೊರದೇಶದಲ್ಲಿ 700 ಕೋಟಿ ಡಾಲರ್ ಮಾತ್ರ ಹಾಕಬಹುದು ಎಂಬ ಮಿತಿ ಇದೆ. ಅದು ತುಂಬಿ ಬಂತು ಅಂತ 2022ರ ಫೆಬ್ರವರಿಯಲ್ಲಿ ಹೊಸ ದುಡ್ಡು ನಿಲ್ಲಿಸಿದ್ದರು, ಆಮೇಲೆ ಒಮ್ಮೆ ತೆರೆಯುತ್ತಾರೆ, ಒಮ್ಮೆ ಮುಚ್ಚುತ್ತಾರೆ. ಅವಳು ಎಲ್ಲ ಕೇಳಿಸಿಕೊಂಡು, "ಹೋಗ್ಲಿ, ನಮ್ ಪಿಎಫ್ ದುಡ್ಡನ್ನ ಎಲ್ಲಿ ಹಾಕ್ತಾರೆ ಮೇಡಂ?" ಅಂದಳು.

ಇಷ್ಟು ವರ್ಷದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಪಿಎಫ್ ನೋಡಿಕೊಳ್ಳುವ ಇಪಿಎಫ್ಒ ಸಂಸ್ಥೆ 2015ರ ಆಗಸ್ಟಿನಿಂದ ಹೊಸದಾಗಿ ಬರುವ ದುಡ್ಡಿನ ಒಂದು ಪಾಲನ್ನು ಷೇರಿಗೆ ಹಾಕುತ್ತದೆ. ಮೊದಲು ಶೇ. 5 ಇತ್ತು, ಆಮೇಲೆ ಶೇ. 15ರವರೆಗೆ ಹೋಯಿತು. ಅದೂ ಯಾವುದೋ ಒಂದು ಕಂಪನಿಗಲ್ಲ, ಹೆಚ್ಚಾಗಿ ನಿಫ್ಟಿ, ಸೆನ್ಸೆಕ್ಸ್ ಸೂಚ್ಯಂಕದ ಕಂಪನಿಗಳನ್ನೆಲ್ಲ ಒಟ್ಟಿಗೆ ಕೊಳ್ಳುವ ಇಟಿಎಫ್ ಎಂಬ ಫಂಡುಗಳಿಗೆ. "ಹಂಗಾದ್ರೆ ನಂದೂ ಷೇರು ಇದೆ ಅನ್ನಿ" ಅಂದಳು. ಇದೆ, ಆದರೆ ನಿನ್ನ ಪಾಸ್‌ಬುಕ್ಕಿನಲ್ಲಿ ಕಾಣುವುದು ಬಡ್ಡಿ ಮಾತ್ರ, 2023-24ಕ್ಕೆ ಶೇ. 8.25 ಅಂದೆ. ಅವಳು ಫೋನಿನಲ್ಲೇ ಏನೋ ಲೆಕ್ಕ ಹಾಕಿದಳು. ಕೆಲಸ ಬಿಟ್ಟ ಗೆಳತಿಯರೆಲ್ಲ ಎರಡು ತಿಂಗಳು ಕಾದು ಪಿಎಫ್ ತೆಗೆದುಬಿಟ್ಟರು ಅಂತ ಹೇಳಿದಳು. ಏನು ಮಾಡಿದರು ಆ ದುಡ್ಡಲ್ಲಿ ಅಂತ ಕೇಳಿದೆ.

"ಒಬ್ಬಳು ಗಾಡಿ ತಗೊಂಡ್ಲು. ಒಬ್ಬಳು ಟಾಟಾ ಟೆಕ್ ಐಪಿಒ ಬಂತಲ್ಲ, 15,000ಕ್ಕೆ ಒಂದು ಲಾಟು, ಅದಕ್ಕೆ ಹಾಕಿದ್ಲು. ನಮ್ ಫ್ಯಾಕ್ಟರಿದೇ ಅಂದ್ಕೊಂಡು."

500ರ ಷೇರು 1,200ಕ್ಕೆ ಲಿಸ್ಟ್ ಆದ ಐಪಿಒ ಅದು. ಅವಳಿಗೆ ಒಳ್ಳೇದೇ ಆಯಿತಲ್ಲ ಅಂದೆ.

"ಎಲ್ಲಿ ಮೇಡಂ, ಅಲಾಟ್ಮೆಂಟೇ ಬರ್ಲಿಲ್ಲ. ದುಡ್ಡು ವಾಪಸ್ ಬಂತು. ಅದಾದ್ಮೇಲೆ ಎಲ್ಕ್ಸಿ ತಗೊಂಡ್ಲು."